ಹನ್ನೆರಡು ಬಣ್ಣಗಳ ಬೆಳಕು

ಬೆಂಗಳೂರಿನ ಅಮೃತಹಳ್ಳಿಯಲ್ಲಿ ತಲೆಯೆತ್ತಿದರೆ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಕೇಬಲ್‌ಗಳು. ದಾರಿಹೋಕರಿಗೆ ಅದು ಗೋಜಲು. ಫೈಬರ್ ಜೋಡಿಸುವವರಿಗೆ ಹಾಗಲ್ಲ. ಒಳಗಿನ ಪ್ರತಿ ಎಳೆಗೂ ಬಣ್ಣವುಂಟು. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಶುರುವಾಗುವ 12 ಬಣ್ಣಗಳ ಕ್ರಮ. 12 ಎಳೆಗೊಂದು ಕೊಳವೆ, ಕೊಳವೆಗಳಿಗೂ ಅದೇ ಕ್ರಮ. 144 ಎಳೆಗಳ ಕೇಬಲ್ಲಿನಲ್ಲೂ ಯಾವುದು ಯಾವುದೆಂದು ಕಣ್ಣೇ ಹೇಳಿಬಿಡುತ್ತದೆ. ಜಾಲದ ಜಟಿಲತೆಯನ್ನು ಪಳಗಿಸಲು ಇಷ್ಟು ಸರಳವಾದ, ಸುಂದರವಾದ ಉಪಾಯ ಅಪರೂಪ.

ಎಳೆಗಳನ್ನು ಬೆಸೆಯುವುದಂತೂ ಅಕ್ಕಸಾಲಿಗನ ಕೆಲಸ. ಮೇಲಿನ ಲೇಪ ಸುಲಿದು, ಸ್ಪಿರಿಟ್‌ನಿಂದ ಒರೆಸಿ, ಕ್ಲೀವರ್‌ನಲ್ಲಿ ತುದಿಯನ್ನು ನೇರವಾಗಿ ಕತ್ತರಿಸಬೇಕು. ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಅದರೊಳಗೆ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಸ್ಪ್ಲೈಸಿಂಗ್ ಯಂತ್ರ ಎರಡು ತುದಿಗಳನ್ನು ಎದುರುಬದುರು ತಂದು ವಿದ್ಯುತ್ ಕಿಡಿಯಿಂದ ಕರಗಿಸಿ ಕೂಡಿಸುತ್ತದೆ. ಧೂಳಿನ ಒಂದು ಕಣ ಬಿದ್ದರೂ ಬೆಸುಗೆ ಕೆಟ್ಟೀತು. ಬೆಂಗಳೂರಿನ ರಸ್ತೆಬದಿಯಲ್ಲಿ ಕೂತು ಇದನ್ನು ಸಾಧಿಸುವ ಕೈಗಳಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಜಾಲ ನಡೆಸುವ ಬಗೆಯೂ ಬದಲಾಗಿದೆ. 2008ರಲ್ಲಿ ಬಂದ ಪ್ರೋಟೋಕಾಲ್ ಓಪನ್‌ಫ್ಲೋ, ದತ್ತಾಂಶದ ದಾರಿ ನಿರ್ಧರಿಸುವ ಬುದ್ಧಿಯನ್ನು ಒಂದೊಂದು ಸ್ವಿಚ್‌ನಿಂದ ತೆಗೆದು ಕಂಟ್ರೋಲರ್ ತಂತ್ರಾಂಶದ ಕೈಗೆ ಕೊಟ್ಟಿತು. ತುಂಡಾದ ಕೇಬಲನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ತಂತ್ರಾಂಶಕ್ಕೆ ಗೊತ್ತು. ಆದರೆ ಜೆಸಿಬಿ ಕಿತ್ತುಹಾಕಿದ ಜಾಗಕ್ಕೆ ಓಟಿಡಿಆರ್ ಯಂತ್ರ ಹಿಡಿದ ಮನುಷ್ಯನೇ ಬರಬೇಕು. ಬೆಳಕಿನ ಮಿಡಿತ ಹೋಗಿ ಮರಳುವ ಹೊತ್ತಿನಿಂದ ಆ ಯಂತ್ರ ತುಂಡಾದ ಜಾಗದ ದೂರ ತಿಳಿಸುತ್ತದೆ. ಗುಂಡಿಗೆ ಇಳಿಯುವವನು ಆ ಮನುಷ್ಯನೇ.

ಈಗ ಟೊಳ್ಳು ತಿರುಳಿನ ಫೈಬರ್ ಬರುತ್ತಿದೆ. ಗಾಜಿಗಿಂತ ಅದರಲ್ಲಿ ಬೆಳಕಿನ ವೇಗ ಸುಮಾರು ಒಂದೂವರೆ ಪಟ್ಟು. ಬೆಸುಗೆ ಮಾತ್ರ ಇನ್ನೂ ನಾಜೂಕು: ಒಳಗಿನ ತೆಳು ಗಾಜಿನ ಗೋಡೆಗಳು ಕುಸಿಯದಷ್ಟೇ ಶಾಖ ಕೊಡಬೇಕು.