ಅಫಿಡವಿಟ್ಟಿಗೆ ಅರ್ಥ ಹೇಳುವವರು ಯಾರು?

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿದ್ದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ. ಮಂಡ್ಯದಲ್ಲಿ ಮೇಷ್ಟ್ರಾಗಿಯೂ ಇದ್ದವರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಶುರುವಾದ ಅವರ ‘ಇಗೋ ಕನ್ನಡ’ ಅಂಕಣ, ಪದಗಳ ಹುಟ್ಟುಮೂಲ ಹುಡುಕುವ ಕೆಲಸವನ್ನು ಪಂಡಿತರ ಪಡಸಾಲೆಯಿಂದ ಬಿಡಿಸಿಕೊಂಡು ಬಂತು. ಓದುಗರು ಕೇಳಿದರು, ಅವರು ಹೇಳಿದರು, ಗತ್ತಿಲ್ಲ, ಗೊಂದಲವಿಲ್ಲ. ಅಂಕಣದ ದೊಡ್ಡ ಗುಣ ಇದೇ. ಮಿತಿಯೂ ಇದೇ: ಬಳಸಿ ಬಳಸಿ ಸವೆದ ಪದದ ಬಗ್ಗೆ ಯಾರೂ ಕಾಗದ ಬರೆಯುವುದಿಲ್ಲ.

ಅಂಥ ಪದಗಳನ್ನೇ ನೋಡಿ: ಮದ್ದೂರು ವಡೆಯ ಜೊತೆ ನೆನಪಾಗುವ ರೈಲ್ವೆ ‘ಟೇಶನ್’ ಲ್ಯಾಟಿನ್ನಿನ ‘ನಿಲ್ಲು’ ಧಾತುವಿನದು. ಮಂಡ್ಯದ ಕಬ್ಬು ನುರಿಸುವ ‘ಫ್ಯಾಕ್ಟರಿ’ಯದು ‘ಮಾಡು’. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟ ‘ಕರೆಂಟು’ ‘ಓಡು’ ಧಾತುವಿನದು. ‘ಬಸ್’ ಅಂತೂ ‘ಎಲ್ಲರಿಗೂ’ ಎಂಬರ್ಥದ ‘ಓಮ್ನಿಬಸ್’ನ ಬಾಲವಷ್ಟೇ, ಮೂಲದಲ್ಲಿ ಬರೀ ವಿಭಕ್ತಿ ಪ್ರತ್ಯಯ! ನಮ್ಮ ನಿಘಂಟುಗಳಲ್ಲಿ ಇಂಥವುಗಳ ಮುಂದೆ ‘ಇಂ.’ (ಇಂಗ್ಲಿಷ್) ಎಂದು ಗುರುತು ಬಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಇವು ತಿಳಿಯದಿದ್ದರೂ ಬಸ್ಸು ಹತ್ತಬಹುದು, ನಿಜ. ಆದರೆ ತಾಲ್ಲೂಕು ಕಚೇರಿಯ ಮುಂದೆ, ಟೈಪು ಮಾಡುವವನ ಪಕ್ಕ ನಿಂತು ಹೆಬ್ಬೆಟ್ಟೊತ್ತುವ ರೈತನ ವಿಷಯ ಬೇರೆ. ‘ಅಫಿಡವಿಟ್’ ಎಂದರೆ ಲ್ಯಾಟಿನ್ನಿನಲ್ಲಿ ‘ಆಣೆಯಿಟ್ಟು ಹೇಳಿದ್ದಾನೆ’ ಎಂದು. ಅದರಲ್ಲಿ ಸುಳ್ಳಿದ್ದರೆ ಕೇಸಾಗುತ್ತದೆ. ಇದಕ್ಕೆ ಕನ್ನಡದಲ್ಲಿ ನಾವು ಕೊಟ್ಟಿದ್ದೇನು? ‘ಪ್ರಮಾಣಪತ್ರ’. ಜಾತಿ ಸರ್ಟಿಫಿಕೇಟೂ ಪ್ರಮಾಣಪತ್ರವೇ! ಒಂದು ಸರ್ಕಾರ ನಮಗೆ ಖಚಿತಪಡಿಸಿ ಕೊಡುವುದು, ಇನ್ನೊಂದು ನಾವೇ ಆಣೆಯಿಟ್ಟು ಬರೆದುಕೊಡುವುದು. ಲ್ಯಾಟಿನ್ ಬೇರೆಬೇರೆಯಾಗಿಟ್ಟಿದ್ದನ್ನು ನಮ್ಮ ಭಾಷಾಂತರ ಒಂದೇ ಗೂಟಕ್ಕೆ ಕಟ್ಟಿತು. ‘ಹೇಬಿಯಸ್ ಕಾರ್ಪಸ್’ ಎಂದರೆ ಹೆಚ್ಚುಕಮ್ಮಿ ‘ಆಳನ್ನು ತಂದು ಒಪ್ಪಿಸು’ ಎಂಬ ಅಪ್ಪಣೆ. ಅದನ್ನು ‘ಬಂದೀ ಪ್ರತ್ಯಕ್ಷೀಕರಣ’ ಮಾಡಿದವರು, ಮಗನನ್ನು ಪೊಲೀಸರು ಎಳೆದೊಯ್ದರೆಂದು ಕೋರ್ಟಿಗೆ ಓಡುವ ತಾಯಿಯನ್ನು ನೆನೆದಂತೆ ಕಾಣುವುದಿಲ್ಲ.

ಲ್ಯಾಟಿನ್ ಪದಗಳನ್ನು ಹೊರಗಟ್ಟಬೇಕೆಂಬ ಹಟ ನನಗಿಲ್ಲ. ಅವು ನಮ್ಮವಾಗಿ ಬಹುಕಾಲವಾಯಿತು. ಅರ್ಥ ಬಿಡಿಸದೆ ಸಂಸ್ಕೃತದ ಹೊದಿಕೆ ಹೊದಿಸುವುದಷ್ಟೇ ತಕರಾರು. ‘ಇಗೋ ಕನ್ನಡ’ದ ಸರಳತೆಯಲ್ಲಿ, ಆದರೆ ಪ್ರಶ್ನೆಗಾಗಿ ಕಾಯದೆ, ಕಚೇರಿ ಕೋರ್ಟುಗಳ ಪದಗಳಿಗೊಂದು ಕಿರುಕೋಶವನ್ನು ಯಾರಾದರೂ ಮಾಡಲಿ. ಮೊದಲ ನಮೂದು ಅಫಿಡವಿಟ್ಟಿನದೇ ಆಗಲಿ. ಅರ್ಥ, ‘ಆಣೆ ಕಾಗದ’.