ಮೂಸಿ: ಒಂದು ಪುಸ್ತಕ, ಒಂದು ಪದ್ಯ, ಒಂದು ಮರ

ಸೆಪ್ಟೆಂಬರ್ 15 ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಮ್ಮ ಎದೆ ಒಂದಿಷ್ಟು ಉಬ್ಬುತ್ತದೆ. ಸರ್ ಎಂ.ವಿ. ಹುಟ್ಟಿದ ದಿನ. ‘ಈ ಊರನ್ನ ಮೂಸಿ ಹೊಳೆಯಿಂದ ಉಳಿಸಿದ್ದು ನಮ್ಮವರು ಕಣ್ರೀ’ ಅಂತ ವೇದಿಕೆ ಮೇಲೆ ಯಾರಾದರೂ ಹೇಳಲೇಬೇಕು, ನಾವು ಚಪ್ಪಾಳೆ ತಟ್ಟಲೇಬೇಕು. ನಾನೇ ಎರಡು ಮೂರು ಸಲ ಹೇಳಿದ್ದೇನೆ. ಆ ಭಾಷಣಕ್ಕೆಲ್ಲ ಮೂಲ ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಈಚೆಗೆ ಅದನ್ನು ಮತ್ತೆ ಓದಿದೆ.

1908ರ ಸೆಪ್ಟೆಂಬರ್ 28ರ ಮಹಾಪೂರದ ಭಾಗದಲ್ಲಿ ಅಳು ಇಲ್ಲ, ಅಬ್ಬರ ಇಲ್ಲ. ಮಳೆ ಇಷ್ಟು ಅಂಗುಲ, ನದೀಪಾತ್ರ ಇಷ್ಟು ಮೈಲಿ. ಊರಿನ ಮೇಲ್ಭಾಗದಲ್ಲಿ 788 ಕೆರೆ, ಅದರಲ್ಲಿ ಒಡೆದದ್ದು 221. ಮೇಲೆ ಜಲಾಶಯ ಕಟ್ಟಿ ನೀರು ತಡೆಯಬೇಕು ಎಂಬ ಪರಿಹಾರ. ಆ ಯೋಜನೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಬಂದವು. ಈ ಒಣ ಗದ್ಯ ನನಗೆ ಇಷ್ಟ. ಕಣ್ಣೀರು ಸುರಿಸಿದ್ದರೆ ಕಾರಣ ಹುಡುಕಲು ಪುರುಸೊತ್ತು ಸಿಗುತ್ತಿರಲಿಲ್ಲವೇನೋ.

ಆದರೆ 221 ಎಂಬಲ್ಲಿ ಈ ಸಲ ಕಾಲು ನಿಂತಿತು. ಕೆರೆ ಎಂದರೆ ಬರೀ ನೀರಲ್ಲವಲ್ಲ. ತೂಬು ಕಾಯುವ ನೀರುಗಂಟಿ (ಇಲ್ಲಿಯವರು ನೀರಟಿ ಅನ್ನುತ್ತಾರೆ), ಕೆಳಗಿನ ಗದ್ದೆಯವರು, ಮೀನು ಹಿಡಿಯುವವರು, ಅಗಸರು. ಅವರ ಗತಿ ಆ ಪುಟದಲ್ಲಿಲ್ಲ. ಎಂಜಿನಿಯರರನ್ನು ದೂರುವಂತಿಲ್ಲ, ಅವರು ಬರೆಯಲು ಕೂತದ್ದು ಕೆಲಸದ ಲೆಕ್ಕ. ತಪ್ಪು ನಮ್ಮದು. ಅದೇ ಪುಟವನ್ನು ಎತ್ತಿ ಎತ್ತಿ ಬರೆದ ನಮ್ಮ ಚರಿತ್ರೆಕಾರರೂ ಭಾಷಣಕಾರರೂ ಹೊಳೆ ದಂಡೆಗೆ ಇಳಿಯಲೇ ಇಲ್ಲ.

ಇದೇ ಪೂರದ ಮೇಲೆ ಅಮ್ಜದ್ ಹೈದರಾಬಾದಿ ಬರೆದ ಉರ್ದು ಪದ್ಯವಿದೆ, ‘ಖಯಾಮತ್-ಎ-ಸುಗ್ರಾ’. ಕಿರುಪ್ರಳಯ ಎನ್ನಬಹುದು. ಆ ದಿನ ಅವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಮಿತ್ರರೊಬ್ಬರು ಓದಿ ಅರ್ಥ ಹೇಳಿದಾಗ ನನಗೆ ಅನ್ನಿಸಿದ್ದು ಇಷ್ಟು: ಪುಸ್ತಕದಲ್ಲಿ ಊರಿದೆ, ಮನೆ ಇಲ್ಲ; ಪದ್ಯದಲ್ಲಿ ಮನೆ ಇದೆ, ಆದರೆ ಒಂದೇ ಮನೆ. ಅಕ್ಷರ ಬಲ್ಲವನ ದುಃಖವಾದ್ದರಿಂದ ಅಚ್ಚಾಯಿತು. ಸತ್ತವರು ಸುಮಾರು 15 ಸಾವಿರ ಎನ್ನುತ್ತಾರೆ. ಉಳಿದವರ ಪಾಲಿಗೆ ಸಾಕ್ಷಿಯಾಗಿ ನಿಂತದ್ದು ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಅಂಗಳದ ಹುಣಸೆಮರ. ಅದನ್ನು ಹತ್ತಿ ಸುಮಾರು 150 ಜನ ಬದುಕಿದರಂತೆ. ಯಾರು ಯಾರನ್ನು ಮೇಲಕ್ಕೆಳೆದುಕೊಂಡರು, ಯಾರ ಕೈ ಜಾರಿತು, ಬರೆದಿಟ್ಟವರಿಲ್ಲ.

ಇದು ಹಳೇ ಮಾತಾಗಿದ್ದರೆ ಬಿಡಬಹುದಿತ್ತು. 2024ರಲ್ಲಿ ಮೂಸಿ ದಂಡೆ ಅಂದಗೊಳಿಸುವ ಯೋಜನೆಗಾಗಿ ಚಾದರ್‌ಘಾಟ್ ಸುತ್ತಿನ ಮನೆಗಳ ಮೇಲೆ ಕೆಂಪು ಗುರುತು ಬಿತ್ತು. ಮೂಸಾನಗರ, ಶಂಕರನಗರದಲ್ಲಿ ಮನೆಗಳು ಉರುಳಿದವು. ಬದಲಿಗೆ ಸರ್ಕಾರ ಬೇರೆಡೆ ಎರಡು ಕೋಣೆಯ ಮನೆ ಕೊಟ್ಟಿತು. ನಮ್ಮ ಕಾಚಿಗುಡದಿಂದ ಅಲ್ಲಿಗೆ ನಡೆದೇ ಹೋಗಬಹುದು. ಯಾದಗಿರಿ ಕಡೆಯಿಂದ ದುಡಿಯಲು ಬಂದು ಅಲ್ಲೇ ನೆಲೆಸಿದ್ದ ಮುದುಕಿಯೊಬ್ಬಳು, ನಾನು ಕನ್ನಡದವನೆಂದು ತಿಳಿದದ್ದೇ ಶುರು ಮಾಡಿದಳು: ‘ನೀರ್ ಬಂದ್ರ ಗಂಟ ಕಟ್ಕೊಂಡು ಸಾಲಿಗೆ ಹೋಗತಿದ್ವಿರಿ ಯಪ್ಪಾ. ಇಳದ ಮ್ಯಾಗ ತಿರಗಿ ಬರತಿದ್ವಿ. ಈಗ ತಿರಗಿ ಬರೂದು ಎಲ್ಲಿಗ್ರಿ?’ ಹೊಳೆಯ ಜೊತೆ ಬದುಕುವ ಒಂದು ರೀತಿಯೇ ಆ ಮಾತಿನಲ್ಲಿತ್ತು. ಅದು ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

2025ರ ಸೆಪ್ಟೆಂಬರ್ ಕೊನೆಗೆ ಜಲಾಶಯಗಳ ಗೇಟು ತೆರೆದಾಗ ಮೂಸಿ ನೀರು ಎಂ.ಜಿ. ಬಸ್ ನಿಲ್ದಾಣಕ್ಕೇ ನುಗ್ಗಿತು. ಬೀದರ್, ಕಲಬುರಗಿ ಬಸ್ಸು ಹಿಡಿಯಲು ನಾವು ಹೋಗಿ ನಿಲ್ಲುವ ಜಾಗ ಅದು. ನಿಲ್ದಾಣ ಕಟ್ಟಿರುವುದೇ ಹೊಳೆಯ ನಡುವೆ ಎಂಬುದು ಅವತ್ತು ಎಷ್ಟೋ ಜನಕ್ಕೆ ನೆನಪಾಯಿತು.

ಮುಂದಿನ ಸೆಪ್ಟೆಂಬರಿಗೆ ಮತ್ತೆ ಭಾಷಣ ನನ್ನದೇ ಅಂತೆ. 221 ಕೆರೆಗಳ ಕೆಳಗೆ ಇದ್ದವರ ಬಗ್ಗೆಯೂ ನಾಲ್ಕು ಮಾತು ಹೇಳ್ತೀನಿ ಅಂದೆ. ಕಾರ್ಯದರ್ಶಿಗಳು ನಕ್ಕು, ‘ಅದೆಲ್ಲ ಯಾಕೆ ಸಾರ್, ಸಂತೋಷದ ಕಾರ್ಯಕ್ರಮ’ ಅಂದರು. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷ ಅಣೆಕಟ್ಟಿಗೆ, ಉಳಿದದ್ದು ಆ ಮುದುಕಿಗೆ ಅಂತ ಚೀಟಿ ಬರೆದಿಟ್ಟುಕೊಂಡಿದ್ದೇನೆ.