ಹಣ್ಣಿನ ಮೇಲೊಂದು ಬಿಳಿ ಗೀಟು

ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುವ ಮೆಚ್ಚುಗೆ ‘ಥೇಟ್ ಫೋಟೋ ಥರಾನೇ ಇದೆ’ ಎಂಬುದು. ಹಿತ್ತಾಳೆ ಚೊಂಬು, ಪಕ್ಕದಲ್ಲಿ ಎರಡು ದಾಳಿಂಬೆ, ಚೊಂಬಿನ ಹೊಟ್ಟೆಯ ಮೇಲೆ ಕಿಟಕಿಯ ಹೊಳಪು. ಕಲಾವಿದ ನಕ್ಕು ಕೈಮುಗಿಯುತ್ತಾನೆ, ಗಿರಾಕಿ ಚೌಕಾಸಿಗೆ ಇಳಿಯುತ್ತಾನೆ. ಸ್ಥಿರಚಿತ್ರಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಸ್ಪೇನಿನ ಆಂಟೋನಿಯೊ ಲೋಪೆಜ್ ಗಾರ್ಸಿಯಾ ಅವರ ತೈಲಚಿತ್ರಗಳನ್ನು ಪುಸ್ತಕದಲ್ಲಿ ನೋಡಿದವರೂ ಇದೇ ಮಾತು ಆಡುತ್ತಾರೆ. ನನ್ನನ್ನು ಕೇಳಿದರೆ ಫೋಟೋಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

1967ರಲ್ಲಿ ಅವರು ಬರೆದ ‘ವಾಶ್‌ಬೇಸಿನ್ ಮತ್ತು ಕನ್ನಡಿ’ಯನ್ನೇ ತೆಗೆದುಕೊಳ್ಳಿ. ಹಲಗೆಯ ಮೇಲೆ ತೈಲವರ್ಣ, ಎತ್ತರ ಸುಮಾರು ಒಂದು ಮೀಟರ್. ಈಗ ಅಮೆರಿಕದ ಬಾಸ್ಟನ್ ಫೈನ್ ಆರ್ಟ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಕೆಳಗೆ ಬಿಳಿ ಬೇಸಿನ್ನು, ಮೇಲೆ ಕನ್ನಡಿ, ಗಾಜಿನ ಸ್ಟ್ಯಾಂಡಿನ ಮೇಲೆ ಬಚ್ಚಲುಮನೆಯ ಸಣ್ಣಪುಟ್ಟ ಸಾಮಾನು, ಸುತ್ತ ಟೈಲ್ಸು. ಮೊದಲ ನೋಟಕ್ಕೆ ಫೋಟೋನೇ. ಎರಡು ನಿಮಿಷ ದಿಟ್ಟಿಸಿದರೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕನ್ನಡಿಯನ್ನು ನಾವು ಎದುರಿನಿಂದ ನೇರವಾಗಿ ನೋಡುತ್ತಿದ್ದೇವೆ. ಬೇಸಿನ್ನನ್ನು ಮಾತ್ರ ತಲೆ ಬಗ್ಗಿಸಿ, ಮೇಲಿನಿಂದ. ಇಕ್ಕಟ್ಟಾದ ಬಚ್ಚಲುಮನೆಯಲ್ಲಿ ಬೇಸಿನ್ನಿಗೆ ಒತ್ತಿಕೊಂಡು ನಿಂತವನ ಕಣ್ಣಿಗೆ ಎರಡೂ ಒಂದೇ ಸಲ ಸಿಕ್ಕುವುದಿಲ್ಲ, ಕತ್ತು ಆಡಿಸಲೇಬೇಕು. ಕತ್ತು ಆಡಿಸಿದ್ದನ್ನೂ ಲೋಪೆಜ್ ಬರೆದಿಟ್ಟಿದ್ದಾರೆ. ಎರಡು ನೋಟಗಳು ಕೂಡುವಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಹಾಗೇ ಉಳಿದಿದೆ. ಅದನ್ನು ಮುಚ್ಚುವ ಕೈಚಳಕ ಅವರಿಗಿರಲಿಲ್ಲವೇ? ಧಾರಾಳವಾಗಿತ್ತು. ಮುಚ್ಚಲಿಲ್ಲ, ಅಷ್ಟೇ. ಇನ್ನೊಂದು ವಿಚಿತ್ರ: ಕನ್ನಡಿಯ ಎದುರು ನಿಂತು ಬರೆದವರ ಮುಖ ಕನ್ನಡಿಯಲ್ಲಿಲ್ಲ. ಯಾವ ಕ್ಯಾಮೆರಾಗೂ ಇಂಥ ಚಿತ್ರ ದಕ್ಕುವುದಿಲ್ಲ.

ಲೋಪೆಜ್ ಹುಟ್ಟಿದ್ದು 1936ರಲ್ಲಿ, ಲಾ ಮಾಂಚಾ ಬಯಲಿನ ತೊಮೆಲ್ಯೋಸೊದಲ್ಲಿ. ದ್ರಾಕ್ಷಿ ತೋಟಗಳ ಊರು, ರೈತಾಪಿ ಮನೆತನ. ಅಪ್ಪನ ಸಹೋದರ ಆಂಟೋನಿಯೊ ಲೋಪೆಜ್ ತೋರೆಸ್ ಊರಿನಲ್ಲೇ ಇದ್ದ ಒಳ್ಳೆಯ ಚಿತ್ರಕಾರ. ಅಚ್ಚಾದ ಚಿತ್ರಗಳನ್ನು ನೋಡಿ ನಕಲು ಮಾಡುತ್ತಿದ್ದ ಹುಡುಗನಿಗೆ ಅದನ್ನು ಬಿಡಿಸಿ, ನಿಜವಾದ ವಸ್ತುಗಳನ್ನು ಎದುರಿಗಿಟ್ಟು ಬರೆಯಲು ಕೂರಿಸಿದವರು ಅವರೇ. ಹದಿಮೂರು ವರ್ಷದ ಹುಡುಗ ಆಮೇಲೆ ಮ್ಯಾಡ್ರಿಡ್‌ಗೆ ಹೋದ, ಸಾನ್ ಫರ್ನಾಂಡೊ ಕಲಾಶಾಲೆಯಲ್ಲಿ 1950ರಿಂದ 55ರವರೆಗೆ ಕಲಿತ. ಯುರೋಪಿನಲ್ಲಿ ಬಹುಮಂದಿ ಅಮೂರ್ತಕ್ಕೆ ಹೊರಳಿದ್ದ ಕಾಲ. ಇವರು ಮಾತ್ರ ಬೇಸಿನ್ನು, ಐಸ್‌ಪೆಟ್ಟಿಗೆ, ಚರ್ಮ ಸುಲಿದು ಗಾಜಿನ ತಟ್ಟೆಯಲ್ಲಿಟ್ಟ ಮೊಲ ಇವುಗಳ ಮುಂದೆ ಕೂತರು. ಆ ಮೊಲದ ಚಿತ್ರವನ್ನು ಊಟಕ್ಕೆ ಮುಂಚೆ ನೋಡಬೇಡಿ.

ಅವರು ಕೆಲಸ ಮಾಡುವ ಬಗೆ ಅರ್ಥವಾಗಬೇಕಾದರೆ ವಿಕ್ಟರ್ ಎರಿಸೆ ನಿರ್ದೇಶಿಸಿದ ‘ಕ್ವಿನ್ಸ್ ಮರದ ಸೂರ್ಯ’ ಸಿನಿಮಾ ನೋಡಬೇಕು. 1992ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನ ಪಡೆದ ಚಿತ್ರ. ಕ್ವಿನ್ಸ್ ಎಂದರೆ ಸೇಬು ಮತ್ತು ಮರಸೇಬುಗಳ ನೆಂಟ. ಹಳದಿ ಬಣ್ಣ, ಗಮಗಮ ವಾಸನೆ, ಹಸಿಯಾಗಿ ತಿಂದರೆ ಒಗರು. ನಮ್ಮ ದೇಶದಲ್ಲಿ ಕಾಶ್ಮೀರದವರು ಇದನ್ನು ಅಡುಗೆಗೆ ಬಳಸುತ್ತಾರೆ. ಲೋಪೆಜ್ ತಮ್ಮ ಅಂಗಳದಲ್ಲಿ ಕೈಯಾರೆ ನೆಟ್ಟ ಮರ ಅದು. 1990ರ ಸೆಪ್ಟೆಂಬರ್ ಕೊನೆಯಲ್ಲಿ, ಹಣ್ಣು ತುಂಬಿ ನಿಂತ ಆ ಮರದ ಎದುರು ಈಸೆಲ್ ನಿಲ್ಲಿಸುತ್ತಾರೆ. ಮೊದಲು ನೆಲಕ್ಕೆ ಮೊಳೆ ಹೊಡೆಯುತ್ತಾರೆ, ದಿನವೂ ಪಾದ ಅದೇ ಜಾಗದಲ್ಲಿ ಊರಬೇಕಲ್ಲ! ಆಮೇಲೆ ಗಾರೆ ಕೆಲಸದವರ ಹಾಗೆ ತೂಗುಗುಂಡು ಇಳಿಬಿಟ್ಟು, ಅಡ್ಡಕ್ಕೊಂದು ದಾರ ಕಟ್ಟುತ್ತಾರೆ. ಕೊನೆಗೆ ಸಣ್ಣ ಬ್ರಷ್ಷಿನಿಂದ ಎಲೆ ಎಲೆಯ ಮೇಲೆ, ಹಣ್ಣು ಹಣ್ಣಿನ ಮೇಲೆ ಬಿಳಿ ಬಣ್ಣದ ಗೀಟು. ಯಾವುದು ಎಲ್ಲಿತ್ತು ಎಂಬ ಲೆಕ್ಕಕ್ಕೆ.

ಲೆಕ್ಕ ತಪ್ಪುವುದು ಇಲ್ಲೇ. ಹಣ್ಣು ದಿನದಿನಕ್ಕೆ ಬಲಿಯುತ್ತದೆ, ತೂಕ ಬರುತ್ತದೆ, ಕೊಂಬೆ ಬಾಗುತ್ತದೆ. ಮೊನ್ನೆ ದಾರದ ಮಟ್ಟದಲ್ಲಿದ್ದ ಗೀಟು ಇವತ್ತು ಕೆಳಗಿಳಿದಿರುತ್ತದೆ. ಮತ್ತೊಂದು ಗೀಟು ಎಳೆಯುತ್ತಾರೆ, ಕ್ಯಾನ್ವಾಸಿನ ಮೇಲೂ ಹಣ್ಣುಗಳನ್ನು ಇಳಿಸುತ್ತಾರೆ. ತೈಲವರ್ಣ ಬೇಗ ಒಣಗುವುದಿಲ್ಲವಾದ್ದರಿಂದ ಹೀಗೆ ತಿದ್ದಲು ಅನುಕೂಲ, ಆದರೆ ಬಣ್ಣಕ್ಕೆ ಬೆಳಕು ಬೇಕು. ಮರದ ನೆತ್ತಿಗೆ ಅವರಿಗೆ ಬೇಕಾದ ಬಿಸಿಲು ಬೀಳುವುದೇ ದಿನದಲ್ಲಿ ಸ್ವಲ್ಪ ಹೊತ್ತು. ಅಷ್ಟರಲ್ಲಿ ಮೋಡ, ಮಳೆ. ಪ್ಲಾಸ್ಟಿಕ್ ಹೊದಿಸಿ ಚಪ್ಪರ ಹಾಕಿಕೊಂಡರೂ ಸೂರ್ಯ ಬಾರದಿದ್ದರೆ ಏನು ಮಾಡುವುದು? ವಾರಗಟ್ಟಲೆ ಬರೆದ ಕ್ಯಾನ್ವಾಸನ್ನು ನೆಲಮನೆಗೆ ಸಾಗಿಸಿ, ಪೆನ್ಸಿಲ್ ಹಿಡಿದು ಹೊಸದಾಗಿ ಶುರುಮಾಡುತ್ತಾರೆ. ರೇಖೆಗೆ ಬಿಸಿಲಿನ ಹಂಗಿಲ್ಲ. ಗೆಳೆಯ ಎನ್ರಿಕೆ ಗ್ರಾನ್, ಅವರೂ ಚಿತ್ರಕಾರರೇ, ಜೋತುಬಿದ್ದ ಎಲೆಯೊಂದನ್ನು ಕೋಲಿನಿಂದ ಎತ್ತಿ ಹಿಡಿದು ನಿಲ್ಲುವ ದೃಶ್ಯವಿದೆ. ನಗು ಬರುತ್ತದೆ. ಆದರೆ ಆ ಎಲೆ ಮೊದಲಿದ್ದ ಎತ್ತರದಲ್ಲೇ ಬೇಕು ಎಂಬ ಹಟ ನೋಡಿದರೆ ನಗು ಅಲ್ಲಿಗೇ ನಿಲ್ಲುತ್ತದೆ. ಡಿಸೆಂಬರ್ ಹೊತ್ತಿಗೆ ಹಣ್ಣುಗಳು ಉದುರತೊಡಗಿ ರೇಖಾಚಿತ್ರವೂ ಮುಗಿಯದೆ ನಿಲ್ಲುತ್ತದೆ.

ಫೋಟೋ ತೆಗೆದಿಟ್ಟುಕೊಂಡು ಒಳಗೆ ಕೂತು ಬರೆದಿದ್ದರೆ ಇದ್ಯಾವ ರಗಳೆಯೂ ಇರುತ್ತಿರಲಿಲ್ಲ. ಸಿನಿಮಾದಲ್ಲಿ ಚೀನಾದ ಅತಿಥಿಗಳೊಡನೆ ಮಾತಾಡುತ್ತಾ ಅವರು ಹೇಳುವುದರ ಸಾರ ಇಷ್ಟು: ಮರದ ಹತ್ತಿರ ಇರುವುದೇ ಮುಖ್ಯ, ಚಿತ್ರ ಆಮೇಲಿನದು. ಬೇರೆ ಯಾರಾದರೂ ಹೇಳಿದ್ದರೆ ಶೋಕಿಯ ಮಾತು ಎಂದುಬಿಡುತ್ತಿದ್ದೆ. ಮಳೆಯಲ್ಲಿ ನೆನೆಯುತ್ತಾ ಕುಂಚ ಹಿಡಿದವರ ಬಾಯಲ್ಲಿ ಬಂದದ್ದರಿಂದ ಒಪ್ಪಿದೆ. ಅವರ ಕ್ವಿನ್ಸ್ ಚಿತ್ರಗಳಲ್ಲಿ ಆ ಬಿಳಿ ಗೀಟುಗಳೂ ಬಣ್ಣದಲ್ಲಿ ಉಳಿದಿವೆ. ನನಗೆ ಇಡೀ ಚಿತ್ರದಲ್ಲಿ ಅತ್ಯಂತ ಇಷ್ಟವಾಗುವುದು ಅವೇ. ಈ ಹಣ್ಣು ಒಂದು ದಿನ ಇಲ್ಲಿತ್ತು, ಇನ್ನೊಂದು ದಿನ ಇಷ್ಟು ಇಳಿದಿತ್ತು ಎಂದು ಅವು ಹೇಳುತ್ತವೆ.

ಸ್ಪೇನಿನ ಸ್ಥಿರಚಿತ್ರಕ್ಕೆ ಕ್ವಿನ್ಸ್ ಹೊಸದೇನಲ್ಲ. ಸುಮಾರು 1602ರಲ್ಲಿ ಹುವಾನ್ ಸಾಂಚೆಜ್ ಕೊತಾನ್ ಬರೆದ ಹೆಸರಾಂತ ಚಿತ್ರದಲ್ಲಿ ಕಿಟಕಿಯ ಚೌಕಟ್ಟಿಗೆ ಒಂದು ಕ್ವಿನ್ಸ್, ಒಂದು ಕೋಸು ದಾರದಲ್ಲಿ ತೂಗುತ್ತವೆ, ಕೆಳಗೆ ಕರಬೂಜ, ಸೌತೆಕಾಯಿ, ಹಿಂದೆ ಕಗ್ಗತ್ತಲು. ಅದು ಈಗ ಸ್ಯಾನ್ ಡಿಯಾಗೊ ಕಲಾ ಮ್ಯೂಸಿಯಮ್ಮಿನಲ್ಲಿದೆ. ಕೊತಾನ್ ಹಣ್ಣನ್ನು ಮರದಿಂದ ಬಿಡಿಸಿ ತಂದು, ಅಲುಗದಂತೆ ಕತ್ತಲ ಮುಂದೆ ತೂಗುಹಾಕಿದ. ಲೋಪೆಜ್ ಅದನ್ನು ಮರದಲ್ಲೇ ಬಿಟ್ಟು ಸೋಲು ತಂದುಕೊಂಡರು. ಸೋತ ಚಿತ್ರವೇ ನನಗೆ ಹೆಚ್ಚು ಹಿಡಿಸುತ್ತದೆ ಎಂದರೆ ಕೊತಾನ್ ಅಭಿಮಾನಿಗಳು ಬೈಯಬಹುದು, ಬೈಯಲಿ.

ಇವರ ನಿಧಾನಕ್ಕೆ ಬೇರೆ ಸಾಕ್ಷಿಗಳೂ ಇವೆ. ಮ್ಯಾಡ್ರಿಡ್‌ನ ಗ್ರಾನ್ ವಿಯಾ ರಸ್ತೆಯ ಚಿತ್ರ 1974ರಿಂದ 81ರವರೆಗೆ ಹಿಡಿಯಿತು. ಬೇಸಿಗೆಯ ಮುಂಜಾನೆ, ಒಂದೇ ತರದ ಬೆಳಕಿರುವ ಸ್ವಲ್ಪ ಹೊತ್ತು ಮಾತ್ರ ಕೆಲಸ. ಬಾಗಿಲು ತೆರೆದಿಟ್ಟ ಫ್ರಿಜ್ಜಿನ ಚಿತ್ರ 1991ರಿಂದ 94ರವರೆಗೆ. ಅಷ್ಟು ವರ್ಷದಲ್ಲಿ ಒಳಗಿನ ದಿನಸಿ ಎಷ್ಟು ಸಲ ಬದಲಾಗಿರಬೇಡ! 1994ರಲ್ಲಿ ಒಪ್ಪಿಕೊಂಡ ರಾಜ ಹುವಾನ್ ಕಾರ್ಲೋಸ್ ಕುಟುಂಬದ ಚಿತ್ರವಂತೂ ಅರಮನೆ ಸೇರಿದ್ದು 2014ರಲ್ಲಿ, ರಾಜರು ಪಟ್ಟ ಬಿಟ್ಟುಕೊಟ್ಟ ವರ್ಷ. ಅವರ ಕೃತಿಗಳಲ್ಲಿ ನನಗೆ ತೀರಾ ಸಪ್ಪೆ ಎನಿಸುವುದು ಇದೇ. ಐವರು ಸಾಲಾಗಿ ನಿಂತಿದ್ದಾರೆ, ಯಾರಿಗೂ ಯಾರೂ ಸಂಬಂಧವಿಲ್ಲದಂತೆ. ಮುಖ್ಯವಾಗಿ ಫೋಟೋಗಳನ್ನು ಇಟ್ಟುಕೊಂಡು ಬರೆದದ್ದು ಅದು. ಕ್ವಿನ್ಸ್ ಮರ ಎರಡು ತಿಂಗಳಿಗೂ ಮಿಕ್ಕಿ ಎದುರಿಗಿತ್ತು. ರಾಜಮನೆತನಕ್ಕೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು?